ನಿಲ್ಲಿಸಿದವಳಿಗೊಂದು ಚಹಾ

ಸಹೃದಯ ವಾಚಕ ಮಹಾಶಯರೇ, ನಮ್ಮ ಸೀಮೆಗೆ ಕಾಲುವೆ ಬಂದ ಮೇಲಿನ ಒಂದು ಪ್ರೇಮಪ್ರಸಂಗವನ್ನು ಸವಿನಯವಾಗಿ ನಿವೇದಿಸಲು ಅಪ್ಪಣೆಯಾಗಲಿ.

ತಿಂಥಣಿಯ ನೆರೆ ರಕ್ಷಣಾ ದಳದಲ್ಲಿ ನಾಯಕ ಮಕ್ತುಮಸಾಬರದು ಒಂದೇ ಕಟ್ಟಳೆ. ಅಪಾಯದ ಅನುಮಾನ ಬಂದರೆ, ನಿನ್ನೆ ಸೇರಿದವರೂ ‘ನಿಲ್ರಿ’ ಎನ್ನಬಹುದು, ದೋಣಿ ನಿಲ್ಲಲೇಬೇಕು. ಅನುಮಾನ ಹುಸಿಯಾದರೂ ನಗುವಂತಿಲ್ಲ. ದಡಕ್ಕೆ ಬಂದು, ನಿಂತವನು ನಿಲ್ಲಿಸಿದವರಿಗೆ ಚಹಾ ಕಾಸಿ ಕೊಡಬೇಕು. ಕಾರಣ ಕೇಳುವುದು ಆಮೇಲೆ.

ಕಕ್ಕೇರಾದ ಶೇಖಮ್ಮ ದೋಣಿಯ ಮುಂದೆ ಕುಳಿತು ನೀರು ನೋಡುವ ಕೆಲಸಕ್ಕೆ ಬಂದ ಮೊದಲ ದಿನವೇ, ಚಾಲಕ ಹಣಮಂತ್ರಾಯನನ್ನು ಎಲ್ಲರೆದುರು ನಿಲ್ಲಿಸಿದಳು. ಹಗ್ಗ ಸವೆದಂತೆ ಕಂಡಿತಂತೆ. ಹಗ್ಗ ಗಟ್ಟಿಯಾಗಿಯೇ ಇತ್ತು. ಅವನು ಮುಖ ಊದಿಸಿಕೊಂಡು ಚಹಾ ಕಾಸಿದ.

“ಸಕ್ರಿ ಕಮ್ಮಿ ಆಗ್ಯದರಿ,” ಎಂದು ಲೋಟದ ಅಂಚಿನಿಂದ ಕಣ್ಣೆತ್ತಿದಳು.

“ಅದಕ್ಕೂ ದೋಣಿ ನಿಲ್ಲಿಸ್ತೀಯೇನು?”

“ನಿಲ್ಲಿಸಿದ್ರ ನೀವು ಮತ್ತ ಚಾ ಮಾಡ್ತೀರಲ್ಲ!”

ಆ ನೋಟ ಅವನೆದೆಯಲ್ಲಿ ಲಂಗರು ಹಾಕಿತು. ಹೇಳಿಕೊಳ್ಳುವ ಧೈರ್ಯ ಬರುವಷ್ಟರಲ್ಲಿ, ಅವಳನ್ನು ಯಾದಗಿರಿಯ ದಳಕ್ಕೆ ಕಳಿಸುವ ಆದೇಶ ಬಂದಿತು.

ಹೊರಡುವ ಮುನ್ನಾದಿನ ಹೊಳೆ ಏರಿತು. ನಡುಗಡ್ಡೆಯಲ್ಲಿ ಕುರಿಗಾಹಿಗಳು ಸಿಕ್ಕಿಬಿದ್ದರು. ಕೆನ್ನೀರಿನ ನಡುವೆ ಶೇಖಮ್ಮ ಕೂಗಿದಳು: “ನಿಲ್ರಿ!”

ಹಣಮಂತ್ರಾಯನಿಗೆ ಕಂಡಿದ್ದು ಬರೀ ನೀರು. ಆದರೂ ಕೈ ತಾನಾಗಿ ದೋಣಿಯನ್ನು ತಡೆದು ಹಿಡಿಯಿತು. ಮುಳುಗಿದ ಪಂಪ್‌ಸೆಟ್ಟಿನ ತಂತಿಯೊಂದು ಎದುರಿಗೇ ಮೇಲೆದ್ದು ಮರೆಯಾಯಿತು. ಬಳಸಿ ಹೋದರು, ಕುರಿಗಾಹಿಗಳನ್ನೂ ಅವರ ಕಂಕುಳಲ್ಲಿದ್ದ ಕುರಿಮರಿಯನ್ನೂ ದಡ ಸೇರಿಸಿದರು.

ದಳದ ಕೋಣೆಗೆ ಬಂದು ಒದ್ದೆ ಬಟ್ಟೆಯಲ್ಲೇ ಚಹಾ ಕೊಟ್ಟು, ಅವನು ಬಾಯಿಬಿಟ್ಟ.

“ಶೇಖಮ್ಮ, ನಾಳಿ ನೀ ಹೋಗೂದರಾಗ ನಾ ನಿನಗೊಂದು ಮಾತು...”

“ನಿಲ್ರಿ!”

ಬೇಡವೆನ್ನುತ್ತಿದ್ದಾಳೆಂದೇ ಅವನು ತಿಳಿದ. ಆದರೆ ಕಟ್ಟಳೆ ಕಟ್ಟಳೆಯೇ. ಕಾರಣ ಕೇಳದೆ ಮತ್ತೆ ಒಲೆ ಹೊತ್ತಿಸಿದ. ಲೆಕ್ಕ ತಪ್ಪಿ ಸಕ್ಕರೆಯನ್ನು ಎರಡೆರಡು ಸಲ ಹಾಕಿದ. ಅವಳು ನಿಧಾನವಾಗಿ ಗುಟುಕರಿಸಿ ಲೋಟ ಕೆಳಗಿಟ್ಟಳು.

“ಈಗ ಕೇಳ್ರಿ.”

“ಯಾಕ ನಿಲ್ಲಿಸಿದಿ?”

“ಮೊದಲ ಕಂಡಾಕಿ ನಾನು, ಮೊದಲ ಹೇಳಾಕಿನೂ ನಾನ. ನನಗ ನೀವು ಬೇಕ್ರಿ. ಯಾದಗಿರಿಯಾಗ ದೋಣಿ ಭಾಳ ಅದಾವ. ಕೂಗಿದ ಕೂಡ್ಲೆ ನಿಲ್ಲೋ ಗಂಡಸು ಎಲ್ಲಿ ಸಿಗ್ತಾನ?”

ಬಾಗಿಲಾಚೆ ಮಕ್ತುಮಸಾಬರು ಕೆಮ್ಮಿದರು. “ಯಾರರ ನಿಲ್ರಿ ಅಂತೀರೇನಪಾ?”

ಇಡೀ ದಳದಲ್ಲಿ ಒಬ್ಬರೂ ‘ನಿಲ್ರಿ’ ಎನ್ನಲಿಲ್ಲ.

ಊರೂರು ಕತೆ ಹೇಳುತ್ತ ತಿರುಗುವ ನನ್ನ ಪಾಲಿಗೂ ಪಾತ್ರೆಯಲ್ಲಿ ಒಂದು ಲೋಟ ಉಳಿದಿತ್ತು, ಬಹಳ ಸಿಹಿ. ಕುಡಿದು, ಚೀಲ ಬಿಗಿದು ಹೆಗಲಿಗೇರಿಸಿದ್ದೇನೆ. ಶಹಾಪುರದ ಬಸ್ಸು ಕೂಗುತ್ತಿದೆ.