ಘಟ್ಟ ಹತ್ತಿದ ರೊಟ್ಟಿ

“ಆ ಹೆಣ್ಮಗಳನ್ನ ಕೇಳಿದ್ಯೋ ಇಲ್ವೋ, ಅದಷ್ಟು ಹೇಳು ಮಾರಾಯ. ಭಾನುವಾರದೊಳಗೆ ಹೇಳ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋತೀನಿ,” ಎಂದು ಪ್ರಸನ್ನ ಫೋನಿಟ್ಟರು.

ನೀಲಪ್ಪ ಫೋನನ್ನು ಜೇಬಿಗಿಳಿಸಿ, ತನ್ನ ಟೆಂಪೊ ಟ್ರಾವೆಲರಿನ ಗಾಜು ಒರೆಸಲು ನಿಂತ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೇನೆಂಬುದು ಅವನಿಗೆ ತಿಳಿಯಲಿಲ್ಲ.

ಪ್ರಸನ್ನ ಅವರದು ಸೋಮವಾರಪೇಟೆಯ ಆಚೆ, ಬೆಟ್ಟದ ಇಳಿಜಾರಿನಲ್ಲೊಂದು ಪುಟ್ಟ ರೆಸ್ಟೋರೆಂಟು. ನೆಟ್ಟಗೆ ಬೋರ್ಡೂ ಇಲ್ಲ, ಆದರೆ ಹೆಸರು ದೊಡ್ಡದು. ಪತ್ರಿಕೆಯವರು ಬರೆದರು, ಯೂಟ್ಯೂಬಿನವರು ತೋರಿಸಿದರು. ಘಟ್ಟದ ಸಣ್ಣ ಊರುಗಳಲ್ಲಿ ಅಂಥ ಜಾಗ ಹುಡುಕುವುದು ಈಗ ವೈಟ್‌ಫೀಲ್ಡಿನ ಐಟಿ ಮಂದಿಗೊಂದು ಗೀಳು. ಶನಿವಾರ ಬಂತೆಂದರೆ ಒಂದು ಊಟಕ್ಕಾಗಿ ಬೆಟ್ಟ ಹತ್ತುತ್ತಾರೆ, ಹತ್ತಿಸುವವನು ನೀಲಪ್ಪ. ಈ ಜಾಗ ಕಂಡುಹಿಡಿದದ್ದೇ ನಾನು ಎಂದು ಪ್ರತಿ ಟ್ರಿಪ್ಪಿನಲ್ಲೂ ಒಬ್ಬರಾದರೂ ಹೇಳುತ್ತಾರೆ. ನೀಲಪ್ಪ ಹೂಂಗುಟ್ಟುತ್ತಾನೆ.

ಡ್ರೈವರ್‌ಗಳಿಗೆ ಅಲ್ಲಿ ಅಡುಗೆಮನೆಯ ಹಿಂದೆ ಪುಕ್ಕಟೆ ಊಟ. ಯಾದಗಿರಿ ಕಡೆಯ ನೀಲಪ್ಪನಿಗೆ ಅನ್ನ ಉಂಡರೆ ಉಂಡಂತಾಗದು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಮುರಿಯುತ್ತಿದ್ದ. ಒಮ್ಮೆ ಪ್ರಸನ್ನ ಒಂದು ಚೂರು ಕೇಳಿ, ತಮ್ಮ ಎಳೆಬಿದಿರಿನ ಕಳಲೆ ಸಾರಿಗೆ ಅದ್ದಿ ತಿಂದರು. ಆಮೇಲೆ ಇನ್ನೊಂದು ಚೂರು. ಆಮೇಲೆ, ರೊಟ್ಟಿ ಬಡಿದವರು ಯಾರೆಂದು ವಿಚಾರಿಸಿ, ಅವರು ಬರುವುದಾದರೆ ಕೆಲಸವೂ ಇರಲು ಮನೆಯೂ ಸಿದ್ಧ ಎಂದರು. ಕೇಳಿ ಹೇಳುತ್ತೇನೆಂದು ನೀಲಪ್ಪ ಬೆಟ್ಟ ಇಳಿದ. ಕೇಳಲಿಲ್ಲ. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ.

ಬಡಿದವಳು ಮಹಾನಂದಾ. ವೈಟ್‌ಫೀಲ್ಡಿನ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ಅವಳ ಸೋದರತ್ತೆ ಚನ್ನಕ್ಕನ ಖಾನಾವಳಿ; ಬೀದಿಗೆ ಒಂದು ಕಿಟಕಿ, ಕಿಟಕಿಯಾಚೆ ಹಂಚು, ಹಂಚಿನಾಚೆ ಅವಳ ಮುಖ. ಬಡಿಯುತ್ತ ಬಡಿಯುತ್ತ ಅವಳು ರೆಪ್ಪೆ ಎತ್ತುವಳು. ಅವನು ನೋಡಿದೊಡನೆ ಹಿಟ್ಟಿನ ಮೇಲಿಳಿಸುವಳು. ಹುಬ್ಬಿಗಂಟಿದ ಹಿಟ್ಟು ಅವಳಿಗೆ ಕಾಣದು, ಅವನಿಗೆ ಕಾಣುತ್ತದೆ. ಹೇಳೋಣ ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ತಟ್ಟೆ ಚಾಚುತ್ತಾರೆ.

ಫೋನು ಬಂದ ಆ ಸಂಜೆ ನೀಲಪ್ಪ ಸಾಲಿನಲ್ಲಿ ಹಿಂದೆ ಬಂದವರನ್ನೆಲ್ಲ ಮುಂದೆ ಬಿಟ್ಟ. ಕಡೆಗೆ ಅವನೊಬ್ಬನೇ ಉಳಿದ.

“ಏನ್ರಿ ಡ್ರೈವರ್ ಸಾಹೇಬ್ರ, ಇವತ್ತು ಗಾಡಿ ನ್ಯೂಟ್ರಲ್‌ನ್ಯಾಗ ಐತೇನ್?”

ಅವನು ನಗಲಿಲ್ಲ. ಪ್ರಸನ್ನ ಅವರ ಮಾತು, ಕೆಲಸ, ಮನೆ, ಭಾನುವಾರದ ಗಡುವು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಹೋದ ತಿಂಗಳೇ ಹೇಳಬೇಕಿತ್ತೆಂದೂ ಸೇರಿಸಿದ.

ಅವಳ ಕೈ ನಿಂತಿತು. “ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀವು ಹೋಗ್ಬಿಡ್ತೀರಿ. ನೀವಿಲ್ದ ಈ ಕಿಟಕಿ ಮುಂದ ನಾ ಯಾಕ ನಿಲ್ಲಲಿ?”

ಈ ಸಲ ಅವಳ ಕಣ್ಣು ಕೆಳಗಿಳಿಯಲಿಲ್ಲ. “ಅದು ನನ್ನ ಬದುಕರಿ. ಹೋಗೂದು ಬಿಡೂದು ನಾ ನೋಡ್ಕೋತೀನಿ.”

ನೀಲಪ್ಪ ತಲೆಯಾಡಿಸಿದ. ಅವಳು ರೊಟ್ಟಿ ಮಗುಚಿ, ಅದು ಉಬ್ಬುವುದನ್ನೇ ನೋಡಿದಳು.

“ಅಲ್ಲಿ ಮಂದೀನ ಇಳಿಸಿ ನೀವೇನ್ ಮಾಡ್ತೀರಿ?”

“ಕಾಯ್ತೀನ್ರಿ. ಅವ್ರು ಉಂಡು, ಫೋಟೋ ತಕ್ಕೊಂಡು, ಬೆಟ್ಟ ಸುತ್ತಿ ಬರೂತನಕ.”

“ಎಲ್ಲಿ?”

“ಅಡಗಿ ಮನಿ ಹಿಂದ.”

“ಇಲ್ಲಿ ಎರಡು ರೊಟ್ಟಿ ಬೇಯೂತನಕ ನಿಲ್ತೀರಿ. ಅಲ್ಲಿ ಮಧ್ಯಾಹ್ನ ಪೂರಾ ಕುಂದರ್ತೀರಿ.” ತುಟಿಯ ಒಂದು ತುದಿ ಮಾತ್ರ ಮೇಲೆದ್ದಿತು. “ಮೊದಲಾ ಹೇಳಿದ್ರ ಇಷ್ಟೊತ್ತಿಗೆ ನಾ ಅಲ್ಲಿರ್ತಿದ್ನಿ.”

ಘಟ್ಟದ ಒಂದೊಂದು ತಿರುವನ್ನೂ ಬಲ್ಲ ನೀಲಪ್ಪನಿಗೆ ಈ ಲೆಕ್ಕ ಹೊಳೆದೇ ಇರಲಿಲ್ಲ. ಅವಳು ಹೋದರೆ ದೂರವಾಗುತ್ತಾಳೆಂದು ಹೆದರಿದ್ದ ಊರಿಗೇ ಅವನು ವಾರವಾರವೂ ಹೋಗುತ್ತಿದ್ದ.

“ಬರೇ ಶನಿವಾರ ಸಾಕೇನ್ರಿ?” ಎಂದ, ಮೆಲ್ಲಗೆ.

“ಶುರುವಿಗೆ ಸಾಕು. ಮುಂದಿಂದು ಅತ್ತೀನ ಕೇಳ್ರಿ.”

ಒಳಗೆ ಪಾತ್ರೆಗಳ ಸದ್ದು ಯಾವಾಗಲೋ ನಿಂತಿತ್ತು. ಚನ್ನಕ್ಕ ಸೆರಗಿಗೆ ಕೈ ಒರೆಸುತ್ತ ಬಂದು, “ಏಳವ್ವ, ಇನ್ನ ಇಲ್ಲಿ ನಾ ಬಡೀತೀನಿ, ನೀ ಘಟ್ಟ ಹತ್ತು,” ಎಂದು ಮಹಾನಂದಾಳ ಭುಜ ಹಿಡಿದು ಎಬ್ಬಿಸಿ, ತಾನೇ ಹಂಚಿನ ಮುಂದೆ ಕುಳಿತು ಹಿಟ್ಟಿನ ಪರಾತವನ್ನು ಹತ್ತಿರಕ್ಕೆಳೆದುಕೊಂಡಳು.