ನುಡಿಜರಡಿಯ ಆಚೆಗಿನ ಕೋಣೆ

ಸಾಕ್ಷಿಕಟ್ಟೆಯಲ್ಲಿ ನಿಂತ ಫಕೀರವ್ವನ ತುಟಿಗಳು ಅಲ್ಲಾಡಿದವು. ಧ್ವನಿ ಮಾತ್ರ ಯಾರ ಕಿವಿಗೂ ತಲುಪಲಿಲ್ಲ.

"ಗಟ್ಟಿಯಾಗಿ ಹೇಳಮ್ಮ. ಆರೋಪಿ ನಿಮಗೆ ಏನೆಂದರು?" ನ್ಯಾಯಾಧೀಶರು ಮತ್ತೆ ಕೇಳಿದರು.

ಆಕೆ ಕತ್ತಿನ ನರ ಉಬ್ಬುವಂತೆ ಕೂಗಿದಳು. ಗೋಡೆಯ ಮೇಲಿನ ನುಡಿಜರಡಿ ಯಂತ್ರದ ಹಸಿರು ದೀಪ ಮಿನುಗಿತು. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬರೆದುಕೊಡೋಣವೆಂದರೆ, ದ್ವೇಷದ ಮಾತನ್ನು ಬರೆಯುವುದೂ ಕಾಯಿದೆಯ ಪ್ರಕಾರ ಅಪರಾಧವೇ.

"ಆರೋಪವೇ ಕೇಳಿಸದಿದ್ದರೆ ನನ್ನ ಕಕ್ಷಿದಾರರು ಉತ್ತರಿಸುವುದಾದರೂ ಯಾವುದಕ್ಕೆ?" ಎಂದರು ಎದುರು ವಕೀಲರು. ಸಾಕ್ಷ್ಯವಿಲ್ಲವೆಂದು ಮೊಕದ್ದಮೆ ವಜಾ ಆಯಿತು.

ತಜ್ಞರೆಂದು ನ್ಯಾಯಾಲಯ ಕರೆಸಿಕೊಂಡಿದ್ದ ಡಾ. ಮೌಲಾಲಿ ನದಾಫ್ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿದ್ದರು. ನುಡಿಜರಡಿ ಅವರದೇ ಸೃಷ್ಟಿ.

ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಅದರ ಉಬ್ಬಿಗೆ ಸರಿಯಾಗಿ ಒಂದು ತಗ್ಗನ್ನು ತಂದು ಕೂಡಿಸಿದರೆ ಎರಡೂ ಅಳಿದು ಮೌನ ಉಳಿಯುತ್ತದೆ. ಹಾಗೆ ಕೂಡಿಸುವ ಅಲೆಗೆ ನದಾಫರು 'ಎದುರಲೆ' ಎಂದು ಹೆಸರಿಟ್ಟಿದ್ದರು. ಗದಗಿನ ಬೀದಿಕಂಬಗಳಲ್ಲಿ, ಬಸ್ಸುಗಳಲ್ಲಿ, ಫೋನುಗಳಲ್ಲಿ, ಮನೆಯ ಗೋಡೆಗಳಲ್ಲಿ ಕೂತ ಜರಡಿಗಳು ಮೊದಲ ಒಂದೆರಡು ಅಕ್ಷರಗಳಿಂದಲೇ ವಾಕ್ಯದ ಧಾಟಿಯನ್ನು ಊಹಿಸುತ್ತಿದ್ದವು. ಜಾತಿ, ಧರ್ಮ ಹಿಡಿದು ಹಳಿಯುವ ಮಾತಾದರೆ ಎದುರಲೆ ಬಿಡುತ್ತಿದ್ದವು. ದ್ವೇಷಭಾಷಣ ನಿಷೇಧ ಕಾಯಿದೆ ಇವನ್ನು ಕಡ್ಡಾಯ ಮಾಡಿದ ಮೇಲೆ ಗಲಭೆಗಳು ನಿಂತವು, ಅದು ಸುಳ್ಳಲ್ಲ. ಯಾವ ಮಾತು ಸಲ್ಲದೆಂದು ನಿರ್ಧರಿಸುವವರು ಯಾರು ಎಂದು ಕೇಳಿದ ಪತ್ರಕರ್ತರಿದ್ದರು, ಮೆರವಣಿಗೆಗಳೂ ನಡೆದವು. ಬೆಂಕಿಯಿಂದ ಅಂಗಡಿ ಉಳಿಸಿಕೊಂಡವರಿಗೆ ಆ ಪ್ರಶ್ನೆ ದೊಡ್ಡದಾಗಿ ಕಾಣಲಿಲ್ಲ. ನದಾಫರಿಗೂ ಕಂಡಿರಲಿಲ್ಲ.

ಅವರು ಹೊರಗೆ ಬಂದಾಗ ಫಕೀರವ್ವ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಆಕೆ ಸರಕಾರಿ ಶಾಲೆಯೊಂದರಲ್ಲಿ ಅಡುಗೆ ಮಾಡುವವಳು. ಮಕ್ಕಳನ್ನು ವನಭೋಜನಕ್ಕೆಂದು ಜರಡಿಗಳಿಲ್ಲದ ಗುಡ್ಡಕ್ಕೆ ಕರೆದೊಯ್ದ ದಿನ, ಶಾಲಾ ಸಮಿತಿಯ ಅಧ್ಯಕ್ಷ ಪರಪ್ಪ ಎಲ್ಲರೆದುರು ಆಕೆಗೆ ಆ ಮಾತು ಅಂದಿದ್ದ.

"ನಿಮ್ಮ ಯಂತ್ರಕ್ಕ ಬೈದವ್ರು ಯಾರು, ಬೈಸ್ಕೊಂಡವ್ರು ಯಾರು ಗೊತ್ತಾಗೂದಿಲ್ಲೇನ್ರಿ?" ಎಂದಳು ಫಕೀರವ್ವ.

"ಇಲ್ಲ. ಅದಕ್ಕೆ ಮಾತು ಮಾತ್ರ ಗೊತ್ತು."

"ನಮ್ಮ ತಂಗಿಗೆ ಫೋನಿನ್ಯಾಗ ಹೇಳಾಕ ಹೋದ್ನಿ. ಲೈನ್ ಕಟ್ ಆತು ಅಂತ ಆಕಿ ಇಟ್ಟುಬಿಟ್ಳು. ಮನ್ಯಾಗ ಗ್ವಾಡಿಗೆ ಹೇಳಿದ್ರ ನನ್ನ ಧ್ವನಿ ನನಗ ಕೇಳಸವಲ್ದು."

"ಗುಡ್ಡದಲ್ಲಿ ಜರಡಿ ಇಲ್ಲ. ಅಲ್ಲಿ ಹೋಗಿ ಹೇಳಬಹುದಿತ್ತಲ್ಲ?"

"ಯಾರಿಗೆ ಹೇಳ್ಲಿ, ಸಾಹೇಬ್ರ? ಕಲ್ಲಿಗೇನ್ರಿ?"

ನದಾಫರ ಪ್ರಯೋಗಾಲಯದಲ್ಲಿ ಕಾಯಿದೆಯಿಂದ ವಿನಾಯಿತಿ ಪಡೆದ ಒಂದು ಕೋಣೆಯಿತ್ತು. ದಪ್ಪ ಗೋಡೆ, ಎರಡು ಕುರ್ಚಿ. ಜರಡಿಗೆ ಹೊಸ ಮಾತುಗಳನ್ನು ಕಲಿಸಲು ಧ್ವನಿಮುದ್ರಣಗಳನ್ನು ಕೇಳುವ ಜಾಗ ಅದು. ಮರುದಿನ ಆಕೆಯನ್ನು ಅಲ್ಲಿಗೆ ಕರೆದರು.

ಬಾಗಿಲು ಮುಚ್ಚಿದ ಮೇಲೆ ಫಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ನಮ್ಮ ಜಾತಿ ಹೆಸರ ಹಿಡ್ದು ಅಂದ. 'ಇಕಿ ಮುಟ್ಟಿದ ಅನ್ನ ನಾಯಿಗೂ ಹಾಕಬ್ಯಾಡ್ರಿ, ನಾಯಿ ಮೈಲಿಗಿ ಆಗ್ತೈತಿ' ಅಂದ. ಹುಡುಗೂರು ತಾಟು ಕೆಳಗ ಇಟ್ಟುಬಿಟ್ವು. ಸಣ್ಣವರಿದ್ದಾಗಿಂದ ನಾ ಉಣಿಸಿದ ಹುಡುಗೂರು."

ನದಾಫರು ಇಂಥ ವಾಕ್ಯಗಳನ್ನು ಸಾವಿರಗಟ್ಟಲೆ ಕೇಳಿದ್ದರು. ಆಡಿದವರ ಧ್ವನಿಯಲ್ಲಿ ಕೇಳಿದ್ದರೇ ಹೊರತು, ಆಡಿಸಿಕೊಂಡವರ ಬಾಯಿಂದ ಕೇಳಿದ್ದು ಇದೇ ಮೊದಲು. ಅವರು ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡರು.

"ನಿಮಗೂ ಯಾರರ ಅಂದಿದ್ರೇನ್ರಿ?" ಆಕೆಯೇ ಕೇಳಿದಳು.

"ನನಗಲ್ಲ, ನಮ್ಮಪ್ಪಗ." ಎಷ್ಟೋ ವರ್ಷ ಆಡದಿದ್ದ ಊರಿನ ಮಾತು ನದಾಫರ ನಾಲಿಗೆಗೆ ತಾನಾಗಿ ಬಂತು. "ಹತ್ತಿ ಹಿಂಜಾಕ ಮನಿ ಮನಿಗೆ ಹೋಗ್ತಿದ್ದ. ಒಂದಿನ ಮೈಕಿನ್ಯಾಗ ಯಾರೋ ನಮ್ಮ ಧರ್ಮಾ ಹಿಡ್ದು ಭಾಷಣಾ ಮಾಡಿದ್ರು. ಮರುದಿನ ಅಪ್ಪ ಹಾದಿ ಹಿಡ್ದು ಹೊಂಟಾಗ ಗುರ್ತಿನ ಮಂದೀನ ಅದ ಮಾತು ಅಂದ್ರು. ಅಪ್ಪ ಮತ್ತ ಆ ಓಣಿಗೆ ಕಾಲಿಡ್ಲಿಲ್ಲ. ಏನಂದ್ರು ಅಂತ ನಾ ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ."

"ಹೇಳ್ರಿ. ನಾ ಅದೀನಿ."

ಅವರು ಹೇಳಿದರು.

ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಲೆಂದು ಫಕೀರವ್ವ ಮತ್ತೊಮ್ಮೆ ಬಂದಳು. ಆ ತಂಗಿಯಿಂದ ಸುದ್ದಿ ಹಬ್ಬಿತು. ದಾದಿಯೊಬ್ಬಳು ಬಂದಳು, ನಿವೃತ್ತ ಮೇಷ್ಟ್ರೊಬ್ಬರು ಬಂದರು, ಭಾಷೆಯ ಕಾರಣಕ್ಕೆ ಬೈಸಿಕೊಂಡ ಬಿಹಾರಿ ಬಡಗಿಯೊಬ್ಬ ಬಂದ. ಬೈಯಲು ಜನ ಮುಗಿಬೀಳುತ್ತಾರೆಂದು ಕಾಯಿದೆ ಜಾರಿ ಮಾಡುವ ಇಲಾಖೆ ಹೆದರಿತ್ತು, ಎಚ್ಚರಿಕೆಯ ಆದೇಶವನ್ನೂ ಕಳಿಸಿತ್ತು. ಆದರೆ ಬಂದವರೆಲ್ಲ ತಾವು ಕೇಳಿಸಿಕೊಂಡದ್ದನ್ನು ಯಾರಿಗಾದರೂ ಹೇಳಬೇಕೆಂದು ಬಂದವರು. ಕೇಳಲು ಒಪ್ಪಿದವರೊಬ್ಬರು ಎದುರಿಗಿದ್ದರೆ ಮಾತ್ರ ಬಾಗಿಲು ತೆಗೆಯುವುದೆಂದು ನದಾಫರು ನಿಯಮ ಮಾಡಿದರು. ಯಾರೂ ಇಲ್ಲದವರಿಗೆ ಫಕೀರವ್ವ ಕೂತು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಪರಪ್ಪ ಬಂದ. ಗೆದ್ದವನ ಠೀವಿ ಅವನಲ್ಲಿರಲಿಲ್ಲ.

"ನನ್ನೂ ಒಳಗ ಬಿಡ್ರಿ. ಏನರ ಮಾತಾಡಾಕ ಹೋದ್ರ ಅರ್ಧಕ್ಕ ಧ್ವನಿ ಹೋಕ್ಕೈತಿ. ಮಂದಿ ಎದ್ದು ಹೊಂಟುಬಿಡ್ತಾರ. ಮನ್ಯಾಗೂ ಅಷ್ಟ. ನನ್ನ ಮನಸ್ನ್ಯಾಗಿದ್ದದ್ದು ನಾ ಹೇಳಬಾರದೇನು?"

"ಹೇಳಬಹುದು. ಕೇಳುವವರು ಯಾರು?" ಎಂದರು ನದಾಫ್.

ಸಾಲಿನಲ್ಲಿದ್ದವರು ಮುಖ ತಿರುಗಿಸಿದರು. ಬಡಗಿ ಎದ್ದು ಹೊರಗೆ ಹೋದ. ನದಾಫರು ತಾವೇ ಮುಂದಾಗಲು ನೋಡಿದರು, ಅಪ್ಪನ ಓಣಿ ನೆನಪಾಗಿ ಹಿಂದೆ ಸರಿದರು. ಕಡೆಗೆ ಎದ್ದವಳು ಫಕೀರವ್ವ.

"ನಾ ಕೇಳ್ತೀನಿ," ಎಂದಳು. "ಆದ್ರ ನಾನೂ ಉತ್ತರಾ ಕೊಡಾಕಿ. ಅಷ್ಟೂ ಕೇಳೇ ಏಳಬೇಕು. ಒಪ್ಪಿಗಿ ಏನು?"

ಪರಪ್ಪ ತಲೆಯಾಡಿಸಿದ. ಇಬ್ಬರೂ ಒಳಗೆ ಹೋದರು.

ದಪ್ಪ ಬಾಗಿಲಿನಿಂದ ಒಂದು ಸದ್ದೂ ಹೊರಬರಲಿಲ್ಲ. ಕಿಟಕಿಯ ಬಿಸಿಲು ಗೋಡೆ ದಾಟಿ ಹೋಯಿತು. ಮೊದಲು ಹೊರಬಂದವನು ಪರಪ್ಪ. ಮುಖ ಕೆಂಪೇರಿತ್ತು. ಯಾರನ್ನೂ ನೋಡದೆ ನಡೆದುಬಿಟ್ಟ. ಹಿಂದೆ ಬಂದ ಫಕೀರವ್ವ ನೀರು ಕೇಳಿದಳು. ಕೂಗಿ ಕೂಗಿ ಅವಳ ಧ್ವನಿ ಒಡೆದಿತ್ತು.

"ಕ್ಷಮೆ ಕೇಳಿದರೇ?" ಎಂದರು ನದಾಫ್.

"ಎಲ್ಲೀದು! ಆ ಮಾತು ಮತ್ತೊಮ್ಮೆ ಅಂದ. ನಾ ಬಿಡ್ಲಿಲ್ಲ. ನಾಳಿ ಮತ್ತ ಬರ್ತಾನಂತ, ನಾನೂ ಬರ್ತೀನಿ. ಇನ್ನೂ ಮುಗದಿಲ್ರಿ."

ಆಕೆ ಬಸ್ಸು ಹಿಡಿಯಲು ಹೊರಟಳು. ಸಂಜೆ ನದಾಫರು ನಡೆದೇ ಮನೆಗೆ ಹೋದರು. ಬೀದಿಗಳು ಶಾಂತವಾಗಿದ್ದವು. ಜನ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ನಯವಾಗಿ, ಏನನ್ನೂ ಹೇಳದೆ ಸಾಗುತ್ತಿದ್ದರು. ಈ ಶಾಂತಿಯನ್ನು ತಂದವರು ತಾವೇ. ಬೀಗ ತೆಗೆದು ಮಾತಾಡುವವರಿಲ್ಲದ ಕತ್ತಲೆಯ ಮನೆಯೊಳಗೆ ಕಾಲಿಟ್ಟಾಗ, ನಾಳೆ ಮತ್ತೆ ಜಗಳವಾಡಲಿರುವ ಆ ಇಬ್ಬರ ಮೇಲೆ ಅವರಿಗೆ ಹೊಟ್ಟೆಕಿಚ್ಚಾಯಿತು.