ಸುನ್ನಿವಾಳಿಂದ ಉತ್ತರವಿಲ್ಲ

“ಬ್ಲಾಕ್ ಮಾಡಿಬಿಟ್ಟಿದ್ದಾಳೆ ಅಮ್ಮಾ! ನನ್ನನ್ನ!”

ತಿರಿಲ್ ಸ್ಕೂಲ್ ಬ್ಯಾಗನ್ನು ಬಾಗಿಲ ಹತ್ತಿರವೇ ಎಸೆದಳು. ಅಮ್ಮ ಆಗತಾನೆ ಕೆಲಸದಿಂದ ಬಂದು ಆಲೂಗಡ್ಡೆ ಬೇಯಲು ಇಟ್ಟಿದ್ದಳು.

“ಯಾರು, ಸುನ್ನಿವಾನಾ? ಜಗಳ ಆಡಿದ್ರಾ?”

“ಏನೂ ಇಲ್ಲ! ಇವತ್ತು ಸ್ಕೂಲಿಗೂ ಬಂದಿಲ್ಲ.”

ನಾರ್ವೆಯ ಆ ಸಣ್ಣ ಬಂದರಿನ ಊರಿನಲ್ಲಿ ಇಬ್ಬರೂ ಒಂದನೇ ಕ್ಲಾಸಿನಿಂದ ಗೆಳತಿಯರು. ಕಾಲಿನ ಆಪರೇಷನ್ ಆದ ಮೇಲೆ ಸುನ್ನಿವಾಳ ಅಜ್ಜ ಎರಡು ತಿಂಗಳಿಂದ ಅವಳ ರೂಮಿನಲ್ಲೇ ಇದ್ದರು. ಅವಳು ಸೋಫಾದ ಮೇಲೆ ಮಲಗುತ್ತಿದ್ದಳು. “ಗೊರಕೆ ಗೋಡೆ ದಾಟಿ ಬರುತ್ತೆ ಕಣೇ. ಯಾವಾಗ ದ್ವೀಪದ ಮನೆಗೆ ವಾಪಸ್ ಹೋಗ್ತಾರೋ!” ಎಂದು ದಿನಾ ಗೊಣಗುತ್ತಿದ್ದಳು. ಅಜ್ಜ ಈ ವಾರ ಹೊರಡುವವರಿದ್ದರು.

ನಿನ್ನೆ ಸಂಜೆ ಅವಳ ಮೆಸೇಜು ಬಂತು: ‘ಅಜ್ಜ ಹೋದ್ರು.’

ತಿರಿಲ್ ತಕ್ಷಣ ಬರೆದಳು: ‘ಹುರ್ರೇ!! ಅಂತೂ ರೂಮ್ ನಿಂದಾಯ್ತು! ಶನಿವಾರ ನಾನೂ ಅಲ್ಲೇ ಮಲಗ್ತೀನಿ.’ ಜೊತೆಗೆ ಕುಣಿಯುವ ಬೊಂಬೆ, ಒಂದು ರಾಶಿ ಬಲೂನು.

ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ‘ಹಲೋ?’ ಎಂದಳು. ‘ಏನಾಯ್ತೇ?’ ಎಂದಳು. ಅರ್ಧ ಗಂಟೆ ಕಾದು, ಸಿಟ್ಟು ತಡೆಯಲಾಗದೆ, ‘ಮಾತಾಡ್ಬೇಡ ಹೋಗು, ನಂಗೇನು!’ ಎಂದು ಕಳಿಸಿದಳು. ಆಮೇಲೆ ಯಾವ ಮೆಸೇಜೂ ಹೋಗಲಿಲ್ಲ.

“ಎಲ್ಲಿ, ತೋರಿಸು.” ಅಮ್ಮ ಫೋನು ತಗೊಂಡು ಓದಿದಳು. ಒಲೆ ಆರಿಸಿ ಬಂದು ತಿರಿಲ್ ಎದುರು ಕೂತಳು.

“ಪುಟ್ಟಾ, ಬೆಳಿಗ್ಗೆ ಬಸ್ಸಿಂದ ಅವರ ಮನೆ ಮುಂದಿನ ಕಂಬದ ಬಾವುಟ ನೋಡ್ದೆ. ಸಾವಾದ ಮನೇಲಿ ಮಾಡೋ ಹಾಗೆ ಅರ್ಧಕ್ಕೆ ಇಳಿಸಿದ್ರು. ಯಾರು ತೀರಿಕೊಂಡ್ರೋ ಅಂದ್ಕೊಂಡೆ. ಈಗ ಗೊತ್ತಾಯ್ತು.”

ತಿರಿಲ್ ಆ ಎರಡು ಪದಗಳನ್ನು ಮತ್ತೆ ಓದಿದಳು. ಈ ಸಲ ಅವು ಬೇರೆಯೇ ಪದಗಳಂತೆ ಕಂಡವು. ಅವುಗಳ ಕೆಳಗೆ ಬಲೂನುಗಳು ಇನ್ನೂ ಹಾರುತ್ತಲೇ ಇದ್ದವು.

“ನಿನ್ ಫೋನಿಂದ ಸಾರಿ ಅಂತ ಕಳಿಸ್ಲಾ ಅಮ್ಮಾ?”

ಅಮ್ಮ ತನ್ನ ಫೋನು ಕೊಟ್ಟಳು. ತಿರಿಲ್ ಬರೆದಳು, ಅಳಿಸಿದಳು. ಮತ್ತೆ ಬರೆದು ಮತ್ತೆ ಅಳಿಸಿದಳು. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ಜಾಕೆಟ್ ಹಾಕಿಕೊಂಡಳು.

ಆ ಮನೆಯ ಬಾಗಿಲು ತೆಗೆದವಳು ಸುನ್ನಿವಾಳೇ. ಕಣ್ಣು ಊದಿಕೊಂಡಿದ್ದವು.

“ಯಾಕ್ ಬಂದೆ? ಇನ್ನೂ ಖುಷಿ ಪಡೋಕಾ?”

“ಮನೆಗೆ ಹೋದ್ರು ಅಂದ್ಕೊಂಡೆ ಕಣೇ. ದ್ವೀಪಕ್ಕೆ. ನಿಜವಾಗ್ಲೂ.”

ಸುನ್ನಿವಾ ಬಾಗಿಲು ಮುಚ್ಚಲಿಲ್ಲ. ಒಳಗೂ ಕರೆಯಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ತಿರಿಲ್ ಪಕ್ಕದಲ್ಲಿ ಕೂತಳು. ಒಳಗೆ ಯಾರೋ ಕಾಫಿ ಲೋಟಗಳನ್ನು ಜೋಡಿಸುತ್ತಿದ್ದರು.

“ಸತ್ತುಹೋದ್ರು ಅಂತಾನೇ ಟೈಪ್ ಮಾಡೋಕೆ ಹೋದೆ,” ಸುನ್ನಿವಾ ಮೆಲ್ಲಗೆ ಹೇಳಿದಳು. “ಆಗ್ಲಿಲ್ಲ. ಬರೆದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು.”

ತಿರಿಲ್ ಗೆಳತಿಯ ಮುಖ ನೋಡಿದಳು. ಅವಳು ಉತ್ತರಕ್ಕಾಗಿ ಕಾಯುತ್ತಿರಲಿಲ್ಲ.

ತಿರಿಲ್ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಸರಿದು ಕೂತಳು.